ಶೀಟ್ ಮಾಡಿನ ತರಗತಿ: ಮಳೆ ಸದ್ದಿಗೂ ಗುಂಯ್‌ಗುಡುವಿಕೆಗೂ ಒಂದೇ ಮದ್ದು ಇದೆಯಾ?

ಹಾರಂಗಿ_ದಂಡೆ
ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆ ತಾಲ್ಲೂಕಿನ ಒಂದು ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಪರವಾಗಿ ಕೇಳ್ತಿದ್ದೇನೆ. ಸಾಲಾಗಿ ನಾಲ್ಕು ಕೋಣೆ, ಕಬ್ಬಿಣದ ಟ್ರಸ್, ಮೇಲೆ ಬಣ್ಣದ ಜಿಐ ಶೀಟ್. ಒಂದೊಂದು ಕೋಣೆ 26 ಅಡಿ ಉದ್ದ, 20 ಅಡಿ ಅಗಲ, ಸರಾಸರಿ ಹನ್ನೊಂದೂವರೆ ಅಡಿ ಎತ್ತರ. ಕೋಣೆಗೆ 40 ಮಕ್ಕಳು. ನಡುವಿನ ಗೋಡೆಗಳು ಟ್ರಸ್ಸಿನ ಕೆಳಗೇ ನಿಂತಿವೆ, ಮೇಲೆ ಖಾಲಿ. ಕಕ್ಕಡದ (ಜುಲೈ-ಆಗಸ್ಟ್) ಮಳೆ ಹಿಡಿದರೆ ಪಾಠ ನಿಲ್ಲುತ್ತೆ, ಬೋರ್ಡ್ ನೋಡಿ ಬರೆಸೋದೊಂದೇ ದಾರಿ. ಮಳೆ ಇಲ್ಲದ ದಿನ ಪಕ್ಕದ ಕೋಣೆಯ ಮಗ್ಗಿ ಇಲ್ಲಿಗೂ ಕೇಳುತ್ತೆ.

ದಾನಿಗಳು ಸ್ವಲ್ಪ ಹಣ ಕೊಡ್ತೀವಿ ಅಂದಿದ್ದಾರೆ. ಬಂದಿರೋ ಸಲಹೆ ಮೂರು: ಥರ್ಮೊಕೋಲ್ ಸೀಲಿಂಗ್, ಗೋಡೆಗೆ ಮೊಟ್ಟೆ ಟ್ರೇ, ಇಲ್ಲಾಂದ್ರೆ ಕಾಫಿ ಗೋಣಿಚೀಲ ಹೊಡೆಯೋದು. ಯಾವುದು ಮಾಡೋದು? ಊರಿನ ಸಮುದಾಯ ಭವನದಲ್ಲೂ ಮೈಕಿನ ಮಾತು ಅರ್ಥ ಆಗಲ್ಲ, ಅದರ ಬಗ್ಗೆಯೂ ಗೊತ್ತಿದ್ದರೆ ಹೇಳಿ.

ಕಣಿವೆ_ಸಿವಿಲ್
ಮೂರೂ ಬೇಡ.

ಏಲಕ್ಕಿಮಲೆ
ಹಾಗೆ ಒಂದೇ ಮಾತಲ್ಲಿ ತಳ್ಳಿಹಾಕಿದರೆ ಹೇಗೆ ಸರ್? ಮೊಟ್ಟೆ ಟ್ರೇ ಎಷ್ಟೋ ರೆಕಾರ್ಡಿಂಗ್ ರೂಮಲ್ಲಿ ಹಾಕ್ತಾರಲ್ಲ.

ಕಣಿವೆ_ಸಿವಿಲ್
ಹಾಕ್ತಾರೆ, ಅದೇ ತಪ್ಪು. ರಟ್ಟು ತೆಳ್ಳಗೆ, ಹಗುರ. ಮೇಲಿನ ಕೆಲವು ಸ್ವರ ಸ್ವಲ್ಪ ಹೀರುತ್ತೆ, ಮಾತಿನ ಗುಂಯ್‌ಗುಡುವಿಕೆ ಹಾಗೇ ಉಳಿಯುತ್ತೆ. ಹೊರಗಿನ ಸದ್ದನ್ನಂತೂ ತಡೆಯೋದೇ ಇಲ್ಲ. ಎಲ್ಲಕ್ಕಿಂತ ಮುಖ್ಯ, ಒಣಗಿದ ರಟ್ಟು ಬೆಂಕಿಕಡ್ಡಿ ಹಾಗೆ ಉರಿಯುತ್ತೆ. ಸ್ಟುಡಿಯೋ ಫೋಮ್ ತರೋಣ ಅನ್ನೋರಿಗೂ ಇದೇ ಮಾತು. 2003ರ ಫೆಬ್ರವರಿಯಲ್ಲಿ ಅಮೆರಿಕದ ರೋಡ್ ಐಲೆಂಡ್‌ನ ಸ್ಟೇಷನ್ ನೈಟ್‌ಕ್ಲಬ್ಬಿನಲ್ಲಿ ಗೋಡೆಗೆ ಅಂಟಿಸಿದ್ದ ಪಾಲಿಯುರೆಥೇನ್ ಫೋಮಿಗೆ ಬೆಂಕಿ ತಗುಲಿ 100 ಜನ ಸತ್ತರು. ಮಕ್ಕಳು ಕೂರುವ ಕೋಣೆಗೆ ಅಂಥದ್ದು ಬರಲೇಬಾರದು.

ಧ್ವನಿಗಣಿತ
ಹಾರಂಗಿಯವರೇ, ನಿಮ್ಮ ಕೋಣೆಯಲ್ಲಿರೋದು ಮೂರು ಬೇರೆ ಬೇರೆ ತೊಂದರೆ. ಒಂದರ ಮದ್ದು ಇನ್ನೊಂದಕ್ಕೆ ಆಗಲ್ಲ. ಇದು ಗೊತ್ತಿಲ್ಲದೇ ದುಡ್ಡು ಹಾಕಿದರೆ ಎಲ್ಲ ಮುಗಿದ ಮೇಲೂ ಮಳೆ ಬಂದ ದಿನ ಪಾಠ ನಿಂತೇ ನಿಲ್ಲುತ್ತೆ.

ಮೊದಲನೇದು ಮಳೆ. ಹನಿ ಬಡಿದು ಶೀಟೇ ನಡುಗುತ್ತೆ, ಅಂದರೆ ಮಾಡು ಪೂರ್ತಿ ತಮಟೆಯ ಚರ್ಮ. ಇದಕ್ಕೆ ಬೇಕಾದ್ದು ಭಾರ, ನಡುಕ ಕೊಲ್ಲುವ ಪದರ, ನಡುವೆ ಗಾಳಿಯ ಅಂತರ. ಎರಡನೇದು ಪಕ್ಕದ ಕೋಣೆ. ಗೋಡೆಯ ಮೇಲಿನ ಖಾಲಿ ಜಾಗ ಮುಚ್ಚದೆ ಬೇರೆ ಏನು ಮಾಡಿದರೂ ಮಗ್ಗಿ ನಿಲ್ಲಲ್ಲ. ಮೂರನೇದು ಕೋಣೆಯೊಳಗಿನ ಅನುರಣನ, ನೀವು ಗುಂಯ್ ಅನ್ನುತ್ತೆ ಅಂತೀರಲ್ಲ, ಅದು. ಸದ್ದು ಹೀರುವ ಫಲಕ ಕೆಲಸ ಮಾಡೋದು ಇಲ್ಲಿ ಮಾತ್ರ.

ಮೂರನೇದರ ಲೆಕ್ಕ ಸುಲಭ. ಹಾರ್ವರ್ಡ್‌ನ ಸ್ಯಾಬಿನ್ 1895ರಲ್ಲಿ ಒಂದು ಉಪನ್ಯಾಸ ಕೋಣೆ ಸರಿಮಾಡಲು ಹೊರಟು ಕಂಡುಕೊಂಡ ಸೂತ್ರ ಇವತ್ತಿಗೂ ಸಾಕು: ಅನುರಣನ ಸಮಯ (ಸದ್ದು ನಿಂತ ಮೇಲೆ ಅದರ ಬಾಲ 60 ಡೆಸಿಬಲ್ ಇಳಿಯೋಕೆ ಹಿಡಿಯೋ ಹೊತ್ತು) = 0.161 × ಘನ ಅಳತೆ ÷ ಒಟ್ಟು ಹೀರುವಿಕೆ, ಎಲ್ಲ ಮೀಟರಿನಲ್ಲಿ. ನಿಮ್ಮ ಕೋಣೆ ಹೆಚ್ಚುಕಮ್ಮಿ 8 × 6 × 3.5, ಅಂದರೆ 168 ಘನ ಮೀಟರ್. ನೆಲ, ಗೋಡೆ, ಮಾಡು ಸೇರಿ 194 ಚದರ ಮೀಟರ್. ಸಿಮೆಂಟ್, ಸುಣ್ಣ, ತಗಡು ಎಲ್ಲಕ್ಕೂ ಸರಾಸರಿ 0.03 (ಬಡಿದ ಸದ್ದಿನಲ್ಲಿ ನೂರಕ್ಕೆ ಮೂರು ಪಾಲು ಹೀರುತ್ತೆ ಅಂತ) ಹಿಡಿದರೆ ಹೀರುವಿಕೆ 5.8. ಒಂದು ಮಗು 0.3ರಂತೆ 40 ಮಕ್ಕಳಿಗೆ 12. ಕಿಟಕಿ ಮುಚ್ಚಿದಾಗ ಒಟ್ಟು 17.8, ಸಮಯ 1.5 ಸೆಕೆಂಡ್. ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ತರಗತಿಗೆ ಹೇಳಿದ ಮಟ್ಟ 0.6 ಸೆಕೆಂಡ್, ಹಿನ್ನೆಲೆ ಸದ್ದು 35 ಡೆಸಿಬಲ್. 0.6ಕ್ಕೆ ಇಳಿಸಲು 45 ಬೇಕು, ಇನ್ನೂ 27 ಕಮ್ಮಿ. 0.8 ಹೀರುವ ಫಲಕ ಆದರೆ 34 ಚದರ ಮೀಟರ್.

ಏಲಕ್ಕಿಮಲೆ
ಸರಿ, ಒಪ್ಪಿದೆ. ಆದರೆ ಗೋಣಿಚೀಲ ಯಾಕೆ ಆಗಲ್ಲ? ಕೊಡಗಿನಲ್ಲಿ ಅದಕ್ಕಿಂತ ಅಗ್ಗದ್ದು ಏನಿದೆ?

ಧ್ವನಿಗಣಿತ
ದಪ್ಪದ ಪ್ರಶ್ನೆ. 500 ಹರ್ಟ್ಜ್ ಸದ್ದಿನ ಅಲೆಯ ಉದ್ದ ಸುಮಾರು 68 ಸೆಂಟಿಮೀಟರ್. ಎರಡು ಮಿಲಿಮೀಟರ್ ಗೋಣಿಯನ್ನು ಗೋಡೆಗೆ ಒತ್ತಿ ಮೊಳೆ ಹೊಡೆದರೆ ಅಷ್ಟು ಉದ್ದದ ಅಲೆಗೆ ಅದು ಇದ್ದಿದ್ದೇ ಗೊತ್ತಾಗಲ್ಲ. ಗೋಡೆಗೆ ತಾಗಿದ ಕಡೆ ಗಾಳಿಯ ಚಲನೆ ಸೊನ್ನೆ, ಹೀರೋದು ಚಲಿಸುವ ಗಾಳಿಯನ್ನು. ಅದೇ ಗೋಣಿಯನ್ನು ಎರಡರಷ್ಟು ಅಗಲ ತಗೊಂಡು, ನೆರಿಗೆ ಹಿಡಿದು, ಗೋಡೆಯಿಂದ 10–15 ಸೆಂಟಿಮೀಟರ್ ಮುಂದೆ ಪರದೆ ಹಾಗೆ ಬಿಟ್ಟರೆ ಒಂದಷ್ಟು ಕೆಲಸ ಮಾಡುತ್ತೆ.

ಕಕ್ಕಬ್ಬೆ_ಮೇಡಂ
ಪರದೆಯಾದರೂ ಗೋಣಿ ಬೇಡ ಅಂತೀನಿ. ಜುಲೈ ಹೊತ್ತಿಗೆ ಬೂಷ್ಟು ಹಿಡಿಯುತ್ತೆ, ಧೂಳು ಬೇರೆ. ಉಬ್ಬಸ ಇರೋ ಮಕ್ಕಳಿಗೆ ಕಷ್ಟ.

ಇನ್ನೊಂದು ವಿಷಯ ಯಾರೂ ಹೇಳ್ತಿಲ್ಲ. ಕನ್ನಡದಲ್ಲಿ ಸ್ವರ ಜೋರು, ಉದ್ದ. ವ್ಯಂಜನ ಚಿಕ್ಕದು, ಮೆತ್ತಗೆ. ಗುಂಯ್‌ಗುಡುವ ಕೋಣೆಯಲ್ಲಿ ಹಿಂದಿನ ಸ್ವರದ ಬಾಲ ಮುಂದಿನ ವ್ಯಂಜನವನ್ನು ನುಂಗುತ್ತೆ. ಉಕ್ತಲೇಖನದಲ್ಲಿ ‘ಮನೆ’ ಹೇಳಿದರೆ ‘ಮಣೆ’, ‘ಹಲ್ಲಿ’ ಹೇಳಿದರೆ ‘ಹಳ್ಳಿ’ ಅಂತ ಹಿಂದಿನ ಬೆಂಚಿನವರು ಬರೆಯೋದಕ್ಕೆ ಇದೂ ಒಂದು ಕಾರಣ. ದೊಡ್ಡವರು ಕೇಳದೇ ಹೋದ ಅಕ್ಷರವನ್ನು ಅಂದಾಜಿನಲ್ಲಿ ತುಂಬಿಕೊಳ್ತಾರೆ, ಚಿಕ್ಕ ಮಕ್ಕಳಿಗೆ ಆಗಲ್ಲ. ನಮ್ಮ ಶಾಲೆಗಳಲ್ಲಿ ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಯರವ, ಈಗ ತೋಟದ ಕೆಲಸಕ್ಕೆ ಬಂದವರ ಅಸ್ಸಾಮಿ ಕೂಡ ಮಾತಾಡುವ ಮಕ್ಕಳಿದ್ದಾರೆ. ಕನ್ನಡವೇ ಎರಡನೇ ಭಾಷೆ ಆದ ಮಗುವಿಗೆ ಅಂದಾಜು ಮಾಡೋಕೆ ಪದಸಂಪತ್ತೂ ಇಲ್ಲ. ‘ಗಮನ ಕೊಡಲ್ಲ’ ಅಂತ ಬೈಸಿಕೊಳ್ಳೋ ಮಗುವಿಗೆ ಮಾತು ತಲುಪಿಯೇ ಇರಲ್ಲ. ಇದಕ್ಕೆ ಖರ್ಚು ಮಾಡೋದು ಅಲಂಕಾರಕ್ಕೆ ಅಂತ ಯಾರಾದರೂ ಅಂದರೆ ದಯವಿಟ್ಟು ಇದನ್ನು ಹೇಳಿ.

ಕಣಿವೆ_ಸಿವಿಲ್
ನೂರಕ್ಕೆ ನೂರು ಸತ್ಯ ಮೇಡಂ.

ತಗಡು_ಟ್ರಸ್
ಮಳೆ ವಿಷಯಕ್ಕೆ ಬರೋಣ. ಶೀಟ್ ತೆಗೆದು ಪಫ್ ಶೀಟ್ ಹಾಕಿಬಿಡಿ. ನಡುವೆ ಫೋಮ್ ಇರುತ್ತೆ, ಸದ್ದೂ ಇಲ್ಲ, ಬಿಸಿಲೂ ಇಲ್ಲ.

ಧ್ವನಿಗಣಿತ
ಬಿಸಿಲಿಗೆ ಸರಿ, ಸದ್ದಿಗೆ ಅಲ್ಲ. ಪಫ್ ಫಲಕದ ಫೋಮ್ ಗಟ್ಟಿ, ಹಗುರ. ಮೇಲಿನ ತಗಡಿನ ನಡುಕವನ್ನು ಕೆಳಗಿನ ತಗಡಿಗೆ ನೇರವಾಗಿ ದಾಟಿಸುತ್ತೆ. ಶಾಖ ತಡೆಯೋ ಎಲ್ಲವೂ ಸದ್ದು ತಡೆಯಲ್ಲ, ಥರ್ಮೊಕೋಲ್ ಕೂಡ ಇದೇ ಜಾತಿ. ನಡುವೆ ರಾಕ್‌ವೂಲ್ (ಕಲ್ಲು ಕರಗಿಸಿ ಮಾಡಿದ ಉಣ್ಣೆಯಂಥ ನಾರು) ಇರುವ ಫಲಕವಾದರೆ ಬೇರೆ ಮಾತು.

ತಗಡು_ಟ್ರಸ್
ಹಾಗಾದರೆ ಇರೋ ಶೀಟಿನ ಮೇಲೇ ಮಂಗಳೂರು ಹಂಚು ಹೊದಿಸೋದು? ಹಂಚಿನ ಮಾಡಿನಲ್ಲಿ ಮಳೆ ಸದ್ದು ಎಷ್ಟು ಕಮ್ಮಿ ಅನ್ನೋದು ಎಲ್ಲರಿಗೂ ಗೊತ್ತು.

ಕಣಿವೆ_ಸಿವಿಲ್
ಒಳ್ಳೇ ಉಪಾಯ, ಆದರೆ ಟ್ರಸ್ ಹೊರಬೇಕಲ್ಲ. ಹಂಚು, ರೀಪರ್ ಸೇರಿ ಚದರ ಮೀಟರಿಗೆ 30–40 ಕೆಜಿ ಹೆಚ್ಚು ಭಾರ. 48 ಚದರ ಮೀಟರ್ ಕೋಣೆ, ಮೇಲಿಂದ ಇಳಿಜಾರು, ಸೂರಂಚು. ಎರಡು ಟನ್ ಹತ್ತಿರ ಹೋಗುತ್ತೆ. ಬರೀ ಶೀಟಿಗೆ ಅಂತ ಮಾಡಿದ ಟ್ರಸ್, ಪರ್ಲಿನ್ (ಶೀಟ್ ಹೊರುವ ಅಡ್ಡಪಟ್ಟಿ) ಇದಕ್ಕೆ ಸಾಲಲ್ಲ. ಎಂಜಿನಿಯರ್ ಲೆಕ್ಕ ಹಾಕಿ ಸಹಿ ಮಾಡದೆ ಒಂದು ಹಂಚೂ ಏರಿಸಬೇಡಿ.

ಸಂಪಿಗೆಕಟ್ಟೆ
ನರ್ಸರಿಗೆ ಕಟ್ಟೋ ಶೇಡ್ ನೆಟ್ ಶೀಟಿನ ಮೇಲೆ ಎಳೆದು ಕಟ್ಟಿದರೆ ಸದ್ದು ಇಳಿಯುತ್ತೆ ಅಂತಾರೆ, ನಿಜವಾ?

ಧ್ವನಿಗಣಿತ
ನಿಜ, ಅದರ ಹಿಂದೆ ಕಾರಣವೂ ಇದೆ. ಸದ್ದು ಹನಿಯ ಗಾತ್ರ ಮತ್ತು ವೇಗದ ಮೇಲೆ ಹೋಗುತ್ತೆ. ಪ್ರಯೋಗಾಲಯದಲ್ಲಿ ಮಾಡಿಗೆ ‘ಜೋರು ಮಳೆ’ ಪರೀಕ್ಷೆ ಮಾಡೋದೇ 5 ಮಿಲಿಮೀಟರ್ ಹನಿ, ಸೆಕೆಂಡಿಗೆ 7 ಮೀಟರ್ ವೇಗ, ಗಂಟೆಗೆ 40 ಮಿಲಿಮೀಟರ್ ಮಳೆ ಇಟ್ಟುಕೊಂಡು. ನೆಟ್ ದೊಡ್ಡ ಹನಿಯನ್ನು ಒಡೆದು ಸಣ್ಣದು ಮಾಡುತ್ತೆ, ವೇಗ ಮುರಿಯುತ್ತೆ. ಶೀಟಿಗೆ ತಾಗಿಸಬೇಡಿ, 15–20 ಸೆಂಟಿಮೀಟರ್ ಮೇಲೆ ತಂತಿ ಎಳೆದು ಬಿಗಿಯಾಗಿ ಕಟ್ಟಿ.

ತಗಡು_ಟ್ರಸ್
ಒಂದೇ ಮಳೆಗಾಲ ಬಾಳುತ್ತೆ ಅಷ್ಟೇ. ಗಾಳಿಗೆ ಹರಿಯುತ್ತೆ, ಸಿಲ್ವರ್ ಓಕ್ ಎಲೆ ತುಂಬಿ ಪಾಚಿ ಕಟ್ಟುತ್ತೆ. ವರ್ಷಕ್ಕೊಮ್ಮೆ ಬಿಚ್ಚಿ ತೊಳೆಯೋರು ಇದ್ದರೆ ಮಾತ್ರ ಮಾಡಿ. ದುಡ್ಡು ಕೂಡುವವರೆಗೆ ತಾತ್ಕಾಲಿಕ ಅಂತ ಇಟ್ಟುಕೊಳ್ಳಬಹುದು.

ಕಣಿವೆ_ಸಿವಿಲ್
ಶಾಶ್ವತ ಕೆಲಸ ಮಾಡೋದಾದರೆ ಹೀಗೆ. ಶೀಟಿನ ಕೆಳಗೆ ಭಾರದ ಮುಚ್ಚಿಗೆ, ಅಂದರೆ ಸೀಲಿಂಗ್. ಎಲ್ಲರೂ ಎಡವೋದು ಅದನ್ನು ಪರ್ಲಿನ್ನಿಗೆ ಕಂಬಿ ಕಟ್ಟಿ ನೇತುಹಾಕುವಲ್ಲಿ. ಆಗ ಟ್ರಸ್ಸಿಗೂ ಭಾರ, ನಡುಕವೂ ಕಂಬಿಯಲ್ಲೇ ಇಳಿದು ಬರುತ್ತೆ. ಗೋಡೆಯಿಂದ ಗೋಡೆಗೆ, 6 ಮೀಟರಿನ ಅಡ್ಡಕ್ಕೆ, ಕಬ್ಬಿಣದ ಚೌಕ ಪೈಪಿನ ತೊಲೆ ಇಡಿ (ಅಳತೆ ಎಂಜಿನಿಯರ್ ಹೇಳಲಿ), ಮಾಡಿಗೆ ಎಲ್ಲೂ ತಾಗಬಾರದು. ಅದರ ಕೆಳಗೆ ಜಿಐ ಚೌಕಟ್ಟು, ಅದಕ್ಕೆ 8 ಮಿಲಿಮೀಟರ್ ಫೈಬರ್ ಸಿಮೆಂಟ್ ಬೋರ್ಡ್ ಎರಡು ಪದರ, ಮೊದಲ ಪದರದ ಜೋಡಣೆಯ ಮೇಲೆ ಎರಡನೇ ಪದರದ ಜೋಡಣೆ ಬರದ ಹಾಗೆ. ಬೋರ್ಡಿನ ಮೇಲೆ 50 ಮಿಲಿಮೀಟರ್, ಘನ ಮೀಟರಿಗೆ 48 ಕೆಜಿ ಸಾಂದ್ರತೆಯ ರಾಕ್‌ವೂಲ್ ಹಾಸಿ. ಅಂಚು ಪೂರ್ತಿ ಮೆತ್ತನೆ ಸೀಲಂಟ್. ಎಲ್ಲ ಸೇರಿ ಚದರ ಮೀಟರಿಗೆ 28 ಕೆಜಿ ಆಸುಪಾಸು, ಕೋಣೆಗೆ 1,350 ಕೆಜಿ, ತೊಲೆಯ ತೂಕ ಬೇರೆ.

ಜಿಪ್ಸಮ್ ಬೋರ್ಡ್ ಅಗ್ಗ ಅಂತ ತರಬೇಡಿ. ಒಂದು ಸ್ಕ್ರೂ ಸೋರಿದರೂ ನೆನೆದು ಜೋಲುತ್ತೆ. ಮುಚ್ಚಿಗೆ ಮಾಡೋ ಮುಂಚೆ ಶೀಟಿನ ಎಲ್ಲ ಸ್ಕ್ರೂ, ವಾಷರ್ ಬದಲಿಸಿ. ಆಮೇಲೆ ಸೋರಿಕೆ ಎಲ್ಲಿ ಅಂತ ಹುಡುಕೋಕೆ ಆಗಲ್ಲ.

ಸಂಪಿಗೆಕಟ್ಟೆ
ಶೀಟಿಗೂ ಮುಚ್ಚಿಗೆಗೂ ನಡುವೆ ಬೆವರಲ್ವಾ?

ಕಣಿವೆ_ಸಿವಿಲ್
ಬೆವರುತ್ತೆ. ಎರಡೂ ತುದಿಯ ತ್ರಿಕೋನ ಗೋಡೆಯಲ್ಲಿ ಜಾಲರಿ ಹಾಕಿದ ಗಾಳಿಕಿಂಡಿ ಬಿಡಿ, ಹೊರಗೆ ತೆರೆಯೋದು. ಜಾಲರಿ ಮರೆಯಬೇಡಿ, ಇಲಿಗೆ ರಾಕ್‌ವೂಲ್ ಒಳ್ಳೇ ಗೂಡು.

ಏಲಕ್ಕಿಮಲೆ
ಇಷ್ಟೆಲ್ಲ ಯಾಕೆ, ಶಿಕ್ಷಕರಿಗೆ ಒಂದು ಸಣ್ಣ ಮೈಕ್ ಸೆಟ್ ಕೊಟ್ಟರೆ ಮುಗೀತಲ್ಲ?

ಕಕ್ಕಬ್ಬೆ_ಮೇಡಂ
ಮುಗಿಯಲ್ಲ ಸರ್. ಜೋರು ಮಳೆಯಲ್ಲಿ ಒಂಟಿ ಶೀಟಿನ ಕೆಳಗೆ 70 ಡೆಸಿಬಲ್ ದಾಟೋದು ಸಾಮಾನ್ಯ. ಮಕ್ಕಳಿಗೆ ಸ್ಪಷ್ಟವಾಗಿ ಕೇಳಬೇಕಾದರೆ ಮಾತು ಹಿನ್ನೆಲೆಗಿಂತ 15 ಡೆಸಿಬಲ್ ಮೇಲಿರಬೇಕು. ಅಂದರೆ 85ಕ್ಕಿಂತ ಜೋರು, ಅದೂ ಎಲ್ಲ ನಾಲ್ಕು ಕೋಣೆಯಲ್ಲಿ, ನಡುವೆ ಗೋಡೆಯ ಮೇಲೆ ಖಾಲಿ ಬಿಟ್ಟು. ಮೈಕಿಲ್ಲದೆ ಕೂಗಿದರೆ ಶಿಕ್ಷಕರ ಗಂಟಲು ಹೋಗುತ್ತೆ, ಮೈಕ್ ಕೊಟ್ಟರೆ ಶಾಲೆಯೇ ಸಂತೆ.

ಧ್ವನಿಗಣಿತ
ಗೋಡೆ ಮೇಲಿನ ಖಾಲಿ ಜಾಗಕ್ಕೆ: 21 ಚದರ ಮೀಟರ್ ಗೋಡೆಯಲ್ಲಿ 0.2 ಚದರ ಮೀಟರ್ ಕಿಂಡಿ ಉಳಿದರೂ ಒಟ್ಟು ತಡೆ 20 ಡೆಸಿಬಲ್ ದಾಟಲ್ಲ, ಕೆಳಗೆ ಎಷ್ಟೇ ದಪ್ಪ ಗೋಡೆ ಇರಲಿ. ಹಾಗಾಗಿ ಮುಕ್ಕಾಲು ಮುಚ್ಚಿದರೆ ಸಾಕು ಅನ್ನೋ ಮಾತೇ ಇಲ್ಲ. ಗೋಡೆಯ ಮೇಲೆ ಜಿಐ ಸ್ಟಡ್ ನಿಲ್ಲಿಸಿ, ಎರಡೂ ಕಡೆ 8 ಮಿಲಿಮೀಟರ್ ಬೋರ್ಡ್, ಒಳಗೆ 50 ಮಿಲಿಮೀಟರ್ ರಾಕ್‌ವೂಲ್, ಶೀಟಿನ ತನಕ. ಶೀಟಿನ ಏಣು-ತಗ್ಗಿನ ಸಂದಿಗೆ ಅದೇ ಆಕಾರದ ಫೋಮ್ ಪಟ್ಟಿ ಇಟ್ಟು ಸೀಲಂಟ್ ತುಂಬಿ. ಅಲ್ಲಿ ಸಿಮೆಂಟ್ ಗಾರೆ ಮೆತ್ತಬೇಡಿ, ಶೀಟ್ ಬಿಸಿಲಿಗೆ ಹಿಗ್ಗಿ ಕುಗ್ಗಿ ಒಂದೇ ಬೇಸಿಗೆಯಲ್ಲಿ ಬಿರುಕು ಬಿಡುತ್ತೆ. ಈ ಕೆಲಸ ಮುಚ್ಚಿಗೆಗಿಂತ ಮುಂಚೆ ಆಗಬೇಕು, ಆಮೇಲೆ ಕೈ ಹೋಗಲ್ಲ.

ಮೂರ್ನಾಡು_ಬಡಗಿ
ಹೀರುವ ಫಲಕ ಮಾಡೋದು ಹೇಗೆ ಅಂತ ಬರೀತೀನಿ, ಇದು ಊರ ಬಡಗಿಯೇ ಮಾಡೋ ಕೆಲಸ. ರಾಕ್‌ವೂಲ್ ಹಾಳೆ 1200 × 600, 50 ಮಿಲಿಮೀಟರ್ ದಪ್ಪ. 50 × 25 ರೀಪರಿನ ಚೌಕಟ್ಟು, ಒಂದಕ್ಕೆ 3.6 ಮೀಟರ್ ರೀಪರ್, ಗೆದ್ದಲು ಮದ್ದು ಬಳಿದದ್ದು. ಹಿಂದೆ ಕೋಳಿ ಜಾಲರಿ, ಮುಂದೆ ನೂಲು ಉದುರದ ಹಾಗೆ ತೆಳು ನಾನ್‌ವೋವನ್ ಬಟ್ಟೆ, ಅದರ ಮೇಲೆ ಹತ್ತಿ ಬಟ್ಟೆ. ಬಟ್ಟೆ ಆರಿಸೋಕೆ ಒಂದೇ ಪರೀಕ್ಷೆ: ಬಾಯಿಟ್ಟು ಊದಿದರೆ ಗಾಳಿ ಸಲೀಸಾಗಿ ಆಚೆ ಹೋಗಬೇಕು. ರೆಕ್ಸಿನ್ ಹೊದಿಸಿದರೆ ದುಡ್ಡು ದಂಡ. ಕತ್ತರಿಸುವಾಗ ಮಾಸ್ಕ್, ಗ್ಲೌಸ್, ಉದ್ದ ತೋಳಿನ ಅಂಗಿ ಕಡ್ಡಾಯ.

34 ಚದರ ಮೀಟರಿಗೆ 48 ಫಲಕ ಬೇಕಾಗುತ್ತೆ.

ಧ್ವನಿಗಣಿತ
ಬಡಗಿ ಅಣ್ಣ, ನಾನೇ ಮೊದಲು ಕೊಟ್ಟ ಲೆಕ್ಕ ಮುಚ್ಚಿಗೆ ಇಲ್ಲದ ಕೋಣೆಯದು, ಅದನ್ನು ತಿದ್ದಬೇಕು. ಮುಚ್ಚಿಗೆ 3 ಮೀಟರಿಗೆ ಇಳಿದರೆ ಘನ ಅಳತೆ 144. ಬೇಕಾದ ಹೀರುವಿಕೆ 38.6, ಇರೋದು 17.4. ಫಲಕ 26.5 ಚದರ ಮೀಟರ್, ಅಂದರೆ 37 ಸಾಕು. ಅದಕ್ಕೇ ಕ್ರಮ ಮುಖ್ಯ ಅನ್ನೋದು, ಮೊದಲೇ ಫಲಕ ತಂದಿದ್ದರೆ 11 ಹೆಚ್ಚಾಗಿ ಬೀಳ್ತಿತ್ತು.

ನೆನಪಿರಲಿ, ಸಿಮೆಂಟ್ ಬೋರ್ಡ್ ಮುಚ್ಚಿಗೆ ಮಳೆ ತಡೆಯುತ್ತೆ, ಆದರೆ ಒಳಗಿನ ಮಾತನ್ನು ತಿರುಗಿಸಿ ಹೊಡೆಯುತ್ತೆ. ಫಲಕ ಅದರ ಕೆಳಗೆ ಬೇಕೇ ಬೇಕು. ಒಂದೇ ಖರ್ಚಲ್ಲಿ ಎರಡೂ ಆಗಲಿ ಅಂತ ತೂತು ಇರುವ ಬೋರ್ಡನ್ನೇ ಮುಚ್ಚಿಗೆ ಮಾಡಬೇಡಿ, ಆ ತೂತಿನಿಂದಲೇ ಮಳೆ ಸದ್ದು ಇಳಿಯುತ್ತೆ.

ತಗಡು_ಟ್ರಸ್
ಎಲ್ಲ 37 ಮೇಲಕ್ಕೇ ಹೊಡೆದುಬಿಡೋದಾ?

ಧ್ವನಿಗಣಿತ
ಇಲ್ಲ. ಶಿಕ್ಷಕರ ತಲೆಯ ಮೇಲಿಂದ ಕೋಣೆಯ ನಡುಭಾಗದವರೆಗೆ ಮುಚ್ಚಿಗೆ ಬೋಳಾಗಿರಲಿ, ಅಲ್ಲಿ ಬಡಿದ ದನಿ ಹಿಂದಿನ ಬೆಂಚಿಗೆ ಬೇಗ ತಲುಪಿ ಮಾತಿಗೆ ಬಲ ಕೊಡುತ್ತೆ. ಅಂಚಿನ ಸುತ್ತ 25, ಹಿಂದಿನ ಗೋಡೆಯ ಮೇಲರ್ಧಕ್ಕೆ 8, ಉಳಿದ 4 ಪಕ್ಕದ ಗೋಡೆಗಳಿಗೆ ಎದುರುಬದುರು ಬರದ ಹಾಗೆ. ಎರಡು ಬೋಳು ಗೋಡೆ ಮುಖಾಮುಖಿ ಇದ್ದರೆ ಚಪ್ಪಾಳೆ ತಟ್ಟಿದಾಗ ಟರ್ರ್ ಅನ್ನುತ್ತೆ, ಅದಕ್ಕೆ ಇದು.

ಮೂರ್ನಾಡು_ಬಡಗಿ
ಪಡುವಣ ಗೋಡೆಗೆ ಒಂದೂ ಹೊಡೆಯಬೇಡಿ ಅಂತ ಸೇರಿಸ್ತೀನಿ. ಮುಂಗಾರು ಬಡಿಯೋದು ಅದಕ್ಕೇ, ಗೋಡೆ ನೆನೆದಿರುತ್ತೆ. ಬೇರೆ ಗೋಡೆಗೂ 25 ಮಿಲಿಮೀಟರ್ ತುಂಡು ಕೊಟ್ಟು ಹಿಂದೆ ಗಾಳಿ ಆಡೋಕೆ ಬಿಡಿ. ಬೂಷ್ಟೂ ಬರಲ್ಲ, ಹೀರುವಿಕೆಯೂ ಹೆಚ್ಚುತ್ತೆ. ಮಕ್ಕಳ ಕೈಗೆ ಸಿಗೋ ಎತ್ತರದಲ್ಲಿ ಬಟ್ಟೆ ಬೇಡ. ಅಲ್ಲಿ ಮರದ ನಾರು-ಸಿಮೆಂಟ್ ಹಲಗೆ ಹಾಕಿ, ತೇವಕ್ಕೂ ತಡೆಯುತ್ತೆ, ಪೆಟ್ಟಿಗೂ ತಡೆಯುತ್ತೆ. ಆದರೆ ಅದಕ್ಕೆ ಆಯಿಲ್ ಪೇಂಟ್ ಬಳಿದು ರಂಧ್ರ ಮುಚ್ಚಬೇಡಿ.

ಸಂಪಿಗೆಕಟ್ಟೆ
ಬೆಂಚ್ ಎಳೆಯೋ ಸದ್ದು ಬಿಟ್ಟಿರಿ. ಊರುಗೋಲಿಗೆ ಹಾಕೋ ರಬ್ಬರ್ ಬುಷ್ ಕಬ್ಬಿಣದ ಕಾಲಿಗೆ ಸರಿಯಾಗಿ ಕೂರುತ್ತೆ. ಬೆಂಚಿಗೆ ನಾಲ್ಕು. ಎಲ್ಲಕ್ಕಿಂತ ಅಗ್ಗದ ಕೆಲಸ, ನಾಳೆಯೇ ಮಾಡಬಹುದು. ಕಾಲಿನ ಹೊರ ಅಳತೆ ತಗೊಂಡು ಹೋಗಿ, ಸಡಿಲ ಇದ್ದರೆ ವಾರದಲ್ಲಿ ಮಾಯ.

ಕಕ್ಕಬ್ಬೆ_ಮೇಡಂ
ಒಳ್ಳೇ ಮಾತು.

ಏಲಕ್ಕಿಮಲೆ
ರಸ್ತೆ ಪಕ್ಕದ ಶಾಲೆಗಳಿಗೆ? ಕುಶಾಲನಗರ–ಮಡಿಕೇರಿ ಹೆದ್ದಾರಿಯಲ್ಲಿ ವಾರಾಂತ್ಯದ ವಾಹನ ನೋಡಿದರೆ ಸಾಕು. ಒಂದು ಸಾಲು ಸಿಲ್ವರ್ ಓಕ್ ನೆಟ್ಟರೆ ಆಗುತ್ತಾ?

ಧ್ವನಿಗಣಿತ
ಒಂದು ಸಾಲು ಮರ ಕಣ್ಣಿಗೆ ತಂಪು, ಕಿವಿಗೆ ಏನೂ ಇಲ್ಲ. 30 ಮೀಟರ್ ಅಗಲದ ದಟ್ಟ ಪೊದೆ ಇದ್ದರೂ ಸುಮಾರು 5 ಡೆಸಿಬಲ್. ಅಷ್ಟೇ ಕೆಲಸವನ್ನು ಕಿಟಕಿಯಿಂದ ವಾಹನ ಕಾಣದಷ್ಟು ಎತ್ತರದ ಕಿಂಡಿಯಿಲ್ಲದ ಕಾಂಪೌಂಡ್ ಗೋಡೆ ಮಾಡುತ್ತೆ. 2000ದ ಶಬ್ದ ಮಾಲಿನ್ಯ ನಿಯಮದಲ್ಲಿ ಶಾಲೆ, ಆಸ್ಪತ್ರೆ, ನ್ಯಾಯಾಲಯದ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಮಾಡಲು ಅವಕಾಶ ಇದೆ: ಹಗಲು 50, ರಾತ್ರಿ 40 ಡೆಸಿಬಲ್. ಹಾರ್ನ್ ನಿಷೇಧದ ಫಲಕಕ್ಕೆ ಪಂಚಾಯಿತಿ ಮೂಲಕ ಅರ್ಜಿ ಕೊಡಿ.

ತಗಡು_ಟ್ರಸ್
ಕರೆಂಟ್ ಹೋದಾಗಿನ ಜನರೇಟರ್ ಸದ್ದು ಅದಕ್ಕಿಂತ ಕೆಟ್ಟದು. ಮುಚ್ಚಿದ ಪೆಟ್ಟಿಗೆಯ ಜನರೇಟರಿಗೆ 1 ಮೀಟರ್ ದೂರದಲ್ಲಿ 75 ಡೆಸಿಬಲ್ ಮಿತಿ. ಬಯಲಿನಲ್ಲಿ ದೂರ ಎರಡರಷ್ಟಾದಾಗ ಸುಮಾರು 6 ಇಳಿಯುತ್ತೆ. ಎರಡು ಗೋಡೆ ಸೇರುವ ಮೂಲೆಯಲ್ಲಿ ಇಟ್ಟರೆ ಮಾತ್ರ ಗೋಡೆಗಳು ಸದ್ದನ್ನು ವಾಪಸ್ ಎಸೀತವೆ. ಕಟ್ಟಡದ ಹಿಂದೆ, ಕಿಟಕಿ ಇಲ್ಲದ ಕಡೆ ಇಡಿ.

ಹಾರಂಗಿ_ದಂಡೆ
ಎಲ್ಲರಿಗೂ ತುಂಬಾ ಧನ್ಯವಾದ. ಸಮುದಾಯ ಭವನದ ಬಗ್ಗೆ? ಒಳಗೆ 30 × 18 ಮೀಟರ್, 7 ಮೀಟರ್ ಎತ್ತರ, ಆರ್‌ಸಿಸಿ, ಟೈಲ್ಸ್ ನೆಲ. ವೇದಿಕೆಯ ಎರಡೂ ಬದಿ ಕಹಳೆ ಸ್ಪೀಕರ್. ಮದುವೆಗೆ ವಾಲಗ ಬಂದರಂತೂ ಪಕ್ಕದಲ್ಲಿ ಕೂತವರ ಮಾತೂ ಕೇಳಲ್ಲ.

ಧ್ವನಿಗಣಿತ
3,780 ಘನ ಮೀಟರ್. 40 ಚದರ ಮೀಟರ್ ಕಿಟಕಿ ತೆರೆದಿದ್ದರೂ ಖಾಲಿ ಭವನದಲ್ಲಿ 6.5 ಸೆಕೆಂಡ್, 500 ಜನ ಕೂತಾಗ 1.9. ಅದಕ್ಕೇ ಸಭೆಗೆ 50 ಜನ ಬಂದ ದಿನ ಅತೀ ಕೆಟ್ಟದಾಗಿ ಕೇಳೋದು. 200 ಚದರ ಮೀಟರ್ ಫಲಕ (0.85) ಹಾಕಿದರೆ ಖಾಲಿಯಲ್ಲಿ 2.3, ತುಂಬಿದಾಗ 1.25. ಸಭೆ, ಮದುವೆ ಎರಡಕ್ಕೂ ಅಷ್ಟು ಸಾಕು, ಇನ್ನೂ ಇಳಿಸಿದರೆ ವಾಲಗ ಸಪ್ಪೆ. ಮೊದಲು ವೇದಿಕೆಯ ಎದುರಿನ ಹಿಂಗೋಡೆ, ಆಮೇಲೆ ಮುಚ್ಚಿಗೆ.

ಕಹಳೆ ಬಯಲಿಗೆ, ಒಳಗೆ ಅಲ್ಲ. ವಾಲ್ಯೂಮ್ ಏರಿಸಿದರೆ ಮಾತೂ ಏರುತ್ತೆ, ಅದರ ಬಾಲವೂ ಅಷ್ಟೇ ಏರುತ್ತೆ. ಉದ್ದನೆ ಕಾಲಂ ಸ್ಪೀಕರ್ ಹಾಕಿ, ಜನರ ತಲೆಯ ಕಡೆಗೇ ತಿರುಗಿಸಿ. ತುಂಬಿದ ಭವನದಲ್ಲಿ ಬರೀ ಬಾಯಿಮಾತು ಸುಮಾರು 3.6 ಮೀಟರ್ ದಾಟಿದರೆ ಗುಂಯ್‌ಗುಡುವಿಕೆಯೇ ಮೇಲಾಗುತ್ತೆ, ದನಿಯನ್ನು ಒಂದೇ ಕಡೆ ಕಳಿಸೋ ಕಾಲಂ ಆದರೆ 8 ಮೀಟರ್. ಹಾಗಾಗಿ ನಡುವೆ ಇನ್ನೊಂದು ಜೋಡಿ ಬೇಕು. ವೇದಿಕೆಯಿಂದ 15 ಮೀಟರಿನಲ್ಲಿ ಇಟ್ಟರೆ ಅದಕ್ಕೆ ಸುಮಾರು 44 ಮಿಲಿಸೆಕೆಂಡ್ ತಡ ಕೊಡಿ, ಇಲ್ಲಾಂದ್ರೆ ಒಂದೇ ಮಾತು ಎರಡು ಸಲ ಕೇಳುತ್ತೆ.

ಸಂಪಿಗೆಕಟ್ಟೆ
ಬಸ್ ಸ್ಟ್ಯಾಂಡಿಗೂ ಇದೇ ಅಲ್ವಾ?

ಧ್ವನಿಗಣಿತ
ಹೌದು, ಒಂದು ದೊಡ್ಡದರ ಬದಲು ಹತ್ತು ಸಣ್ಣವು, ಜನರ ಹತ್ತಿರ, ಮೆಲ್ಲಗೆ.

ಹಾರಂಗಿ_ದಂಡೆ
ನಮ್ಮ ಕ್ರಮ ಹೀಗೆ: ಈಗಲೇ ರಬ್ಬರ್ ಬುಷ್, ಫೆಬ್ರವರಿಯಲ್ಲಿ ಗೋಡೆ ಮೇಲಿನ ಭಾಗ, ಮಾರ್ಚ್‌ನಲ್ಲಿ ಎರಡು ಕೋಣೆಗೆ ಮುಚ್ಚಿಗೆ, ಬೇಸಿಗೆ ರಜೆಯಲ್ಲಿ ಫಲಕ. ಉಳಿದ ಎರಡಕ್ಕೆ ಈ ಸಲ ಶೇಡ್ ನೆಟ್. ಫ್ಯಾನ್ ಎಲ್ಲಿಗೆ ನೇತುಹಾಕೋದು?

ಕಣಿವೆ_ಸಿವಿಲ್
ಹೊಸ ತೊಲೆಗೆ, ಬೋರ್ಡಿಗಲ್ಲ. ರಾಡ್ ಹಾದುಹೋಗುವ ತೂತಿಗೂ ಸೀಲಂಟ್. ವೈರಿಂಗ್ ಪೈಪ್ ಮುಚ್ಚಿಗೆಗೆ ಮುಂಚೆಯೇ ಎಳೆಸಿ.

ಧ್ವನಿಗಣಿತ
ಕೆಲಸ ಶುರುಮಾಡೋ ಮುಂಚೆ ಖಾಲಿ ಕೋಣೆಯಲ್ಲಿ ಕಿಟಕಿ ಮುಚ್ಚಿ ದೊಡ್ಡ ಬಲೂನ್ ಒಡೆದು ರೆಕಾರ್ಡ್ ಮಾಡಿಟ್ಟುಕೊಳ್ಳಿ, ಮೂರು ಜಾಗದಲ್ಲಿ. ಫೋನ್ ಆ್ಯಪ್‌ನಲ್ಲಿ ದನಿಯನ್ನು ತಾನೇ ಏರಿಳಿಸುವ ಸೆಟ್ಟಿಂಗ್ ಆಫ್ ಮಾಡಿ, ವೇವ್ ಫೈಲಾಗಿ ಉಳಿಸಿ. ಆಡಾಸಿಟಿ ಅನ್ನೋ ಕಂಪ್ಯೂಟರ್ ತಂತ್ರಾಂಶದಲ್ಲಿ ತೆರೆದು ಸದ್ದು 20 ಡೆಸಿಬಲ್ ಇಳಿಯೋಕೆ ಹಿಡಿದ ಸಮಯ ನೋಡಿ ಮೂರರಿಂದ ಗುಣಿಸಿ. ಫಲಕ ಹಾಕಿದ ಮೇಲೆ ಅದೇ ಜಾಗ, ಅದೇ ಅಳತೆಯ ಬಲೂನ್. ಎರಡೂ ಫೈಲ್ ಇಲ್ಲಿ ಹಾಕಿ, ಕಮ್ಮಿ ಬಿದ್ದರೆ ಎಷ್ಟು ಫಲಕ ಬೇಕು ಅಂತ ಲೆಕ್ಕ ಮಾಡಿ ಕೊಡ್ತೀನಿ.